ಪಹಣಿ ಇಲ್ಲದ ಹೊಲ

ನನ್ನ ಅಣ್ಣನ ಮಗ ಒಂಬತ್ತನೇ ಕ್ಲಾಸು. ಹೋದ ಶ್ರಾವಣದಲ್ಲಿ ಒಂದು ರಾತ್ರಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. "ಕಾಕಾ, ನನ್ನ ಐಡಿ ಹೋಗ್ಯಾದ" ಅಂದ. ಶಾಲೆಯ ಐಡಿ ಕಾರ್ಡ್ ಕಳೆದುಕೊಂಡಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಮೂರು ವರ್ಷದಿಂದ ಮೊಬೈಲಿನಲ್ಲಿ ಆಡುತ್ತಿದ್ದ ಒಂದು ಯುದ್ಧದ ಆಟದ ಖಾತೆ. ಆಟದ ಹುಡುಗರು ಅದಕ್ಕೆ ಐಡಿ ಅಂತಾರೆ.

ಆ ಐಡಿಯೊಳಗೆ ಅವನ ವೇಷಗಳಿದ್ದವು, ಬಂದೂಕಿನ ಬಣ್ಣಗಳಿದ್ದವು. ಯುಗಾದಿಗೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ ಕೊಂಡ ಒಂದು ಕೆಂಪು ಜಾಕೆಟ್ ಇತ್ತು. ನಿದ್ದೆಗೆಟ್ಟು ಏರಿಸಿದ ರ‍್ಯಾಂಕ್ ಇತ್ತು. ಆಟದಲ್ಲೇ ಪರಿಚಯವಾದ ಒಬ್ಬ, ಫ್ರೀಯಾಗಿ ಡೈಮಂಡ್ (ಆಟದೊಳಗೆ ನಡೆಯುವ ದುಡ್ಡು) ಹಾಕಿಸಿಕೊಡುತ್ತೇನೆ, ಲಾಗಿನ್ ಕೊಡು ಅಂದಿದ್ದನಂತೆ. ಇವನು ಕೊಟ್ಟ. ಹತ್ತು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಯಿತು. ಕಂಪನಿಗೆ ಬರೆದೆವು. ಖಾತೆ ಕಾಪಾಡಿಕೊಳ್ಳುವುದು ಬಳಕೆದಾರರ ಹೊಣೆ ಅಂತ ಯಂತ್ರವೇ ಕಳಿಸಿದ ಒಂದು ಉತ್ತರ ಬಂತು. ಅಷ್ಟೇ.

ಪೊಲೀಸರಿಗೆ ಅರ್ಜಿ ಕೊಡೋಣ ಅಂತ ಬರೆಯಲು ಕೂತೆ. ಕಳುವಾದ ವಸ್ತು ಅನ್ನುವ ಕಡೆ ಬಂದು ಪೆನ್ನು ನಿಂತಿತು. ಎಮ್ಮೆ ಕಳುವಾದರೆ ಕೊಂಬಿನ ಗುರುತು ಬರೆಯಬಹುದು. ಹೊಲ ಒತ್ತುವರಿಯಾದರೆ ಪಹಣಿ ತೋರಿಸಬಹುದು. ಸರ್ವೆ ನಂಬರ್ ಇರುತ್ತದೆ, ಬಾಂದುಕಲ್ಲು ಇರುತ್ತದೆ, ಬದಿಯ ಹೊಲದವರು ಸಾಕ್ಷಿ ಹೇಳುತ್ತಾರೆ. ಈ ಹುಡುಗನ ಹತ್ತಿರ ಏನಿದೆ? ನಾಲ್ಕು ಸ್ಕ್ರೀನ್‌ಶಾಟ್.

ಆವತ್ತಿನಿಂದ ಈ ವಿಷಯ ನನ್ನ ತಲೆಯಲ್ಲೇ ಇದೆ. ವರ್ಚುವಲ್ ಲೋಕಗಳ, ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಲೋಕಗಳ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ವೈಜ್ಞಾನಿಕ ಕಥೆಗಳಲ್ಲಿ ಹೇಳಿದ್ದ, ಕನ್ನಡಕ ಹಾಕಿಕೊಂಡು ಒಳಗೆ ಹೋಗುವ ಆ ಲೋಕ ಬಂತಾ, ಇಲ್ಲವಾ? ಆ ಹಳೇ ಕಥೆಗಳನ್ನು ಮತ್ತೆ ತಿರುವಿ ಹಾಕಿದ ಮೇಲೆ ನನಗೆ ಬೇರೆಯೇ ಅನ್ನಿಸಿದೆ. ಕನ್ನಡಕದ ಬಗ್ಗೆ ಆ ಲೇಖಕರು ಹೇಳಿದ್ದು ಅರ್ಧ ಮಾತ್ರ ನಿಜವಾಯಿತು. ಆ ಲೋಕದ ನೆಲ ಯಾರದು, ಅಲ್ಲಿ ಬಡವ ಹೇಗೆ ಕಾಣುತ್ತಾನೆ ಅನ್ನುವ ಬಗ್ಗೆ ಬರೆದದ್ದು ಮಾತ್ರ ನಮ್ಮ ಮನೆಯೊಳಗೇ ಬಂದು ಕೂತಿದೆ.

ಕನ್ನಡಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1935ರಲ್ಲೇ ಅಮೆರಿಕದ ಸ್ಟ್ಯಾನ್ಲಿ ವೈನ್‌ಬಾಮ್ 'ಪಿಗ್ಮೇಲಿಯನ್ಸ್ ಸ್ಪೆಕ್ಟಕಲ್ಸ್' ಅನ್ನುವ ಕಥೆ ಬರೆದಿದ್ದರು. ಅದರಲ್ಲಿ ಒಬ್ಬ ಪ್ರೊಫೆಸರ್ ಮಾಡಿದ ಕನ್ನಡಕ ಹಾಕಿಕೊಂಡರೆ ನೋಟ, ಸದ್ದು, ವಾಸನೆ, ರುಚಿ, ಮುಟ್ಟಿದ ಅನುಭವ ಎಲ್ಲ ಸಿಗುತ್ತದೆ. ನೋಡುವವನೂ ಕಥೆಯಲ್ಲಿ ಒಂದು ಪಾತ್ರವಾಗುತ್ತಾನೆ. 1968ರಲ್ಲಿ ಐವನ್ ಸದರ್ಲ್ಯಾಂಡ್ ಅನ್ನುವ ವಿಜ್ಞಾನಿ ತಲೆಗೆ ಹಾಕಿಕೊಳ್ಳುವ ಪರದೆ ಮಾಡಿದರು. ಅದರ ಭಾರಕ್ಕೆ ಅದನ್ನು ಛಾವಣಿಯಿಂದ ತೂಗುಹಾಕಬೇಕಾಗಿತ್ತು. ವಿಲಿಯಂ ಗಿಬ್ಸನ್ 1982ರ ಒಂದು ಕಥೆಯಲ್ಲಿ ಕಂಪ್ಯೂಟರುಗಳೊಳಗಿನ ಲೋಕಕ್ಕೆ 'ಸೈಬರ್‌ಸ್ಪೇಸ್' ಅನ್ನುವ ಪದ ಹುಟ್ಟಿಸಿದರು. 1984ರ ಅವರ 'ನ್ಯೂರೋಮ್ಯಾನ್ಸರ್' ಕಾದಂಬರಿ ಅದನ್ನು ಎಲ್ಲರ ಬಾಯಿಗೆ ತಂದಿತು. 2014ರಲ್ಲಿ ಫೇಸ್‌ಬುಕ್ 200 ಕೋಟಿ ಡಾಲರಿಗೆ ಆಕ್ಯುಲಸ್ ಅನ್ನುವ ಕನ್ನಡಕದ ಕಂಪನಿಯನ್ನು ಕೊಂಡಿತು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿಯ ಹೆಸರೇ ಮೆಟಾ ಆಯಿತು. ಅದರ ಕನ್ನಡಕದ ವಿಭಾಗ 2022 ಮತ್ತು 2023, ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ 3,000 ಕೋಟಿ ಡಾಲರ್ ನಷ್ಟ ತೋರಿಸಿತು. 2024ರಲ್ಲಿ ಆಪಲ್ ಕಂಪನಿಯ ಕನ್ನಡಕ ಬಂತು. ಬೆಲೆ 3,499 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ.

ಕಲಬುರಗಿಯಲ್ಲಿ ನಾನು ಇಂಥ ಕನ್ನಡಕ ಕಂಡದ್ದು ಜಾತ್ರೆಯಲ್ಲಿ. 50 ರೂಪಾಯಿಗೆ ಎರಡು ನಿಮಿಷ. ಬೆವರು ಹತ್ತಿದ ಪಟ್ಟಿಯನ್ನು ಅಂಗಡಿಯ ಹುಡುಗ ತನ್ನ ಅಂಗಿಯಿಂದಲೇ ಒರೆಸಿ ಮುಂದಿನವರ ತಲೆಗೆ ಕಟ್ಟುತ್ತಿದ್ದ.

ಆದರೆ ಒಂದು ಲೋಕ ಕಟ್ಟಲು ಕನ್ನಡಕ ಬೇಕಂತಲೇ ಇಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಅನ್ನುವ ಇಬ್ಬರು ವಿದ್ಯಾರ್ಥಿಗಳು ಮಡ್ ಅನ್ನುವ ಆಟ ಶುರು ಮಾಡಿದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಬರೀ ಅಕ್ಷರ. ನೀನು ಕಾಡಿನ ದಾರಿಯಲ್ಲಿದ್ದೀಯ ಅಂತ ಪರದೆಯ ಮೇಲೆ ಬರೆದು ಬರುತ್ತಿತ್ತು. ಆದರೆ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬ ನಿಜವಾದ ಮನುಷ್ಯ ಇದ್ದ. ಇನ್ನೊಬ್ಬರು ಅಲ್ಲಿದ್ದಾರೆ, ನಾವು ಮಾಡಿದ್ದು ಅವರಿಗೆ ತಾಗುತ್ತದೆ, ನಾವು ಎದ್ದು ಹೋದರೂ ಅವರ ಬದುಕು ಅಲ್ಲಿ ನಡೆಯುತ್ತದೆ. ಲೋಕ ಅನ್ನಿಸಿಕೊಳ್ಳಲು ಇಷ್ಟು ಸಾಕು.

ನಮ್ಮ ಕಡೆಗೆ ಇಂಥ ಲೋಕ ಬಂದದ್ದು ಮೊಬೈಲಿನ ಬಾಗಿಲಿನಿಂದ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ ಯುದ್ಧದ ಆಟದ ಒಂದು ದ್ವೀಪ, ಅಲ್ಲಿ ನೂರು ಜನ, ಕಿವಿಯಲ್ಲಿ ಗೆಳೆಯರ ದನಿ. ಇಷ್ಟು ಸಿಕ್ಕಿತು. ಶಾಲೆಯ ವಿಷಯದಲ್ಲಿ ಮಾತ್ರ ಮೊಬೈಲು ಕೈಕೊಟ್ಟಿತು. ಮುಂದಿನ ಕಾಲದ ಮಕ್ಕಳು ವರ್ಚುವಲ್ ಲೋಕದಲ್ಲೇ ಪಾಠ ಕೇಳುತ್ತಾರೆ ಅಂತ ಕಥೆಗಳು ಬರೆದಿದ್ದವು. 2020ರಲ್ಲಿ ಶಾಲೆ ಮುಚ್ಚಿದಾಗ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಮಾಳಿಗೆ, ಗುಡ್ಡ ಹತ್ತಿದರು. ಕೊನೆಗೆ ಚಂದನ ಟಿವಿಯ ಪಾಠ ಬಂತು. ವಿದ್ಯಾಗಮ ಅಂತ ಮೇಷ್ಟ್ರುಗಳೇ ಊರಿಗೆ ಬಂದು ಗುಡಿಯ ಅಂಗಳದಲ್ಲಿ, ಮರದ ಕೆಳಗೆ ಕೂತು ಕಲಿಸಿದರು.

ಯಾದಗಿರಿ ಜಿಲ್ಲೆಯ ಒಬ್ಬ ಹುಡುಗ ನನಗೆ ಗೊತ್ತು. ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆ ಮನೆಗೆ ಊಟ ಮುಟ್ಟಿಸುತ್ತಾನೆ. ಒಂದೇ ಕೋಣೆಯಲ್ಲಿ ನಾಲ್ವರು. ರಾತ್ರಿ ಹನ್ನೊಂದರ ಮೇಲೆ ಅವನ ಆಟ ಶುರು. ಜೊತೆಗೆ ಆಡುವವರೆಲ್ಲ ಅವನ ಊರಿನವರೇ. ಒಬ್ಬ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ, ಒಬ್ಬ ಪುಣೆಯಲ್ಲಿದ್ದಾನೆ, ಇನ್ನೊಬ್ಬ ಊರಿನಲ್ಲೇ ಹತ್ತಿ ಹೊಲ ನೋಡಿಕೊಂಡಿದ್ದಾನೆ. ಒಮ್ಮೆ ಅವನ ಪಕ್ಕ ಕೂತು ಕೇಳಿದೆ. "ಎಲ್ಲಿದ್ದಿಲೇ?" "ಶೆಡ್ಡಿನ ಹಿಂದ ಕುಂತೀನಿ, ಬಾ." ಗುಂಡಿನ ಸದ್ದು. ಅದರ ನಡುವೆಯೇ, "ಊರಾಗ ಮಳಿ ಆಯ್ತೇನು?" "ನಿನ್ನಿ ಆಗ್ಯಾದ. ನಿಮ್ಮ ಹೊಲದ ಬದು ಒಡದದ ನೋಡು, ಅಪ್ಪಗ ಹೇಳು." ಮತ್ತೆ ಗುಂಡಿನ ಸದ್ದು. ಗುಳೆ ಹೋದ ಹುಡುಗರಿಗೆ ಆ ದ್ವೀಪವೇ ಅಗಸಿ ಕಟ್ಟೆ. ಆಟ ಒಂದು ನೆಪ. ಇದನ್ನು ಕಂಡ ಮೇಲೆ ಮೊಬೈಲ್ ಆಟವೆಲ್ಲ ಹಾಳು ಅಂತ ನಾನು ಹೇಳುವುದನ್ನು ಬಿಟ್ಟೆ.

ಈ ಹುಡುಗನನ್ನು ನೆನೆದಾಗಲೆಲ್ಲ ನನಗೆ ನೀಲ್ ಸ್ಟೀಫನ್‌ಸನ್ ಅವರ ಕಾದಂಬರಿ 'ಸ್ನೋ ಕ್ರ್ಯಾಶ್' ನೆನಪಾಗುತ್ತದೆ. ಬಂದದ್ದು 1992ರಲ್ಲಿ. ಜನ ರೂಪ ತೊಟ್ಟು ಓಡಾಡುವ ಕಂಪ್ಯೂಟರ್ ಲೋಕಕ್ಕೆ ಮೆಟಾವರ್ಸ್ ಅನ್ನುವ ಪದ ಹುಟ್ಟಿದ್ದೇ ಅದರಲ್ಲಿ. ಅದರ ನಾಯಕ ಪಿಜ್ಜಾ ಮುಟ್ಟಿಸುವ ಹುಡುಗ. ಸಾಮಾನು ಇಡುವ ಒಂದು ಗೋದಾಮಿನ ಖೋಲಿಯಲ್ಲಿ ಇನ್ನೊಬ್ಬನ ಜೊತೆ ಇರುತ್ತಾನೆ. ಮೆಟಾವರ್ಸಿನಲ್ಲಿ ಮಾತ್ರ ಅವನಿಗೆ ಒಳ್ಳೇ ಜಾಗದಲ್ಲಿ ಒಂದು ಮನೆ ಇದೆ, ಮರ್ಯಾದೆ ಇದೆ. ಮೂವತ್ತು ವರ್ಷ ಮೊದಲೇ ಇಷ್ಟು ಸರಿಯಾಗಿ ಹೇಗೆ ಬರೆದರು ಅಂತ ಆಶ್ಚರ್ಯವಾಗುತ್ತದೆ.

ಅದೇ ಕಾದಂಬರಿಯ ಇನ್ನೊಂದು ವಿವರ ನನ್ನನ್ನು ಹೆಚ್ಚು ಕಾಡುತ್ತದೆ. ದುಡ್ಡಿದ್ದವರು ಒಳ್ಳೇ ಯಂತ್ರದಿಂದ ಆ ಲೋಕಕ್ಕೆ ಹೋಗುತ್ತಾರೆ. ಬಣ್ಣ ಬಣ್ಣವಾಗಿ, ಕೂದಲೆಳೆಯೂ ಕಾಣುವಂತೆ ಅಲ್ಲಿ ಓಡಾಡುತ್ತಾರೆ. ಸ್ವಂತ ಯಂತ್ರ ಇಲ್ಲದವರು ಬೀದಿಯಲ್ಲಿ ಎಲ್ಲರಿಗೂ ಇಟ್ಟಿರುವ ಅಗ್ಗದ ಯಂತ್ರದಿಂದ ಹೋಗುತ್ತಾರೆ. ಅವರು ಅಲ್ಲಿ ಕಪ್ಪು ಬಿಳುಪಾಗಿ, ಚುಕ್ಕೆ ಚುಕ್ಕೆಯಾಗಿ, ನಡುಗುತ್ತ ಕಾಣುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇವನು ಬಡವ ಅಂತ. ದೇಹ ಬಿಟ್ಟು ಹೋದರೂ ಬಡತನ ಹಿಂದೆ ಉಳಿಯಲಿಲ್ಲ.

ಅಣ್ಣನ ಮಗ ಆ ಕೆಂಪು ಜಾಕೆಟಿಗೆ ಅಷ್ಟು ಅತ್ತದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಆಟಕ್ಕೆ ಮೊದಲ ಸಲ ಬರುವವರಿಗೆ ಪುಕ್ಕಟೆ ಕೊಡುವ ಒಂದು ಸಾದಾ ಅಂಗಿ ಇರುತ್ತದೆ. ಅದನ್ನೇ ತೊಟ್ಟು ಆಡಿದರೆ ಉಳಿದ ಮಕ್ಕಳು 'ನೂಬ್', 'ಬಾಟ್' ಅಂತ ರೇಗಿಸುತ್ತಾರೆ. ನೂಬ್ ಅಂದರೆ ಆಟ ಬರದ ಹೊಸಬ; ಬಾಟ್ ಅಂದರೆ ಮನುಷ್ಯನಲ್ಲ, ಕಂಪ್ಯೂಟರ್ ಆಡಿಸುವ ಗೊಂಬೆ ಅಂತ. ಹದಿಮೂರು ವರ್ಷದ ಹುಡುಗನಿಗೆ ಈ ಮಾತು ಹೇಗೆ ತಾಗಿರಬೇಕು? ಆಟ ಪುಕ್ಕಟೆ. ಮರ್ಯಾದೆಗೆ ದುಡ್ಡು. ಈ ಕಂಪನಿಗಳ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಆ ಜಾಕೆಟಿನಿಂದ ಅವನಿಗೆ ಒಂದು ಗುಂಡೂ ಜಾಸ್ತಿ ಸಿಗಲಿಲ್ಲ. ಅವನು ಕೊಂಡದ್ದು ಬಣ್ಣ ಮಾತ್ರ. ಕಪ್ಪು ಬಿಳುಪಿನಿಂದ ಹೊರಗೆ ಬರುವ ಬಣ್ಣ.

ಫೋನು ಕೂಡ ಜಾತಿ ತೋರಿಸುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ವಾ? ಅಗ್ಗದ ಫೋನು ಅರ್ಧ ಗಂಟೆಯಲ್ಲಿ ಕಾದ ಹಂಚಾಗುತ್ತದೆ. ಸುಟ್ಟುಹೋಗದಿರಲಿ ಅಂತ ಅದರೊಳಗಿನ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಚಿತ್ರ ತಡವರಿಸುತ್ತದೆ. ಎದುರಿನವನು ಗುಂಡು ಹೊಡೆದಾದ ಮೇಲೆ ಇವನಿಗೆ ಅವನು ಕಾಣುತ್ತಾನೆ. "ಲ್ಯಾಗ್ ಆಗಕತ್ತದ" ಅನ್ನುವ ಕೂಗು ಬೇಸಿಗೆಯಲ್ಲಿ ನಮ್ಮ ಓಣಿಯ ಎಲ್ಲ ಮಾಳಿಗೆಯಿಂದ ಕೇಳುತ್ತದೆ. ಆಟ ನಡೆಸುವ ಕಂಪ್ಯೂಟರ್ ಬೇರೆ ಊರಿನಲ್ಲಿ ದೂರ ಇರುವುದು ಇದಕ್ಕೆ ಕಾರಣ ಅಲ್ಲ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಲಬುರಗಿಯಿಂದ ಮುಂಬೈಗೆ ಹೋಗಿ ವಾಪಸ್ ಬರಲು ಅದಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಕಾಗಿಲ್ಲ. ತಡವಾಗುವುದು ಇಲ್ಲೇ, ಫೋನು ಕಾದಾಗ, ಇಲ್ಲವೇ ಸಂಜೆಯಾದರೆ ಇಡೀ ಬಡಾವಣೆ ಒಂದೇ ಟವರಿಗೆ ಜೋತುಬಿದ್ದಾಗ.

ಕಥೆಗಳು ಎಡವಿದ ಜಾಗವನ್ನೂ ಹೇಳಬೇಕು. 'ಸ್ನೋ ಕ್ರ್ಯಾಶ್'ನಲ್ಲಿ ಒಂದೇ ದೊಡ್ಡ ಬೀದಿ ಇದೆ. 65,536 ಕಿಲೋಮೀಟರ್ ಉದ್ದ. ಲೋಕದ ಜನ ಎಲ್ಲ ಅಲ್ಲಿ ಒಟ್ಟಿಗೆ ಓಡಾಡುತ್ತಾರೆ. ಇವತ್ತಿಗೂ ಇದನ್ನು ಕಟ್ಟಲು ಯಾರಿಗೂ ಆಗಿಲ್ಲ. ಕಾರಣ ಸರಳ ಲೆಕ್ಕ. ಹತ್ತು ಮಂದಿ ಒಂದು ಕಡೆ ನಿಂತರೆ, ಒಬ್ಬೊಬ್ಬನ ಚಲನೆಯನ್ನೂ ಉಳಿದ ಒಂಬತ್ತು ಮಂದಿಗೆ ತಿಳಿಸಬೇಕು. ಅಂದರೆ 90 ಸಂದೇಶ. ನೂರು ಮಂದಿಗೆ 9,900. ಹತ್ತು ಸಾವಿರ ಮಂದಿ ಆದರೆ ಹತ್ತಿರ ಹತ್ತಿರ 10 ಕೋಟಿ. ಅದೂ ಒಂದು ಸೆಕೆಂಡಿನಲ್ಲಿ ಹತ್ತಾರು ಸಲ. 2020ರ ಏಪ್ರಿಲಿನಲ್ಲಿ ಫೋರ್ಟ್‌ನೈಟ್ ಆಟದೊಳಗೆ ಟ್ರಾವಿಸ್ ಸ್ಕಾಟ್ ಅನ್ನುವ ಗಾಯಕನ ಕಾರ್ಯಕ್ರಮಕ್ಕೆ ಒಂದೇ ಹೊತ್ತಿಗೆ 1 ಕೋಟಿ 23 ಲಕ್ಷ ಜನ ಬಂದರು ಅಂತ ಸುದ್ದಿಯಾಯಿತು. ಬಂದದ್ದು ನಿಜ. ಆದರೆ ಅವರೆಲ್ಲ ಒಂದೇ ಮೈದಾನದಲ್ಲಿ ಇರಲಿಲ್ಲ. ಅವರನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೂ ಅದೇ ಮೈದಾನದ ಒಂದೊಂದು ಪ್ರತಿ ಕೊಟ್ಟಿದ್ದರು.

ಹೋಳಿ ಹುಣ್ಣಿಮೆ ಆದ ಮೇಲೆ ನಡೆಯುವ ನಮ್ಮ ಶರಣಬಸವೇಶ್ವರ ಜಾತ್ರೆಯನ್ನು ನೆನೆಸಿಕೊಳ್ಳಿ. ತೇರು ಎಳೆಯುವಾಗ ಸುತ್ತ ಜನಸಾಗರ. ಗಾಳಿಯಲ್ಲಿ ಬಾಳೆಹಣ್ಣು, ಖಾರೀಕು. ಯಾರೋ ಎಸೆದ ಖಾರೀಕು ಯಾರದೋ ತಲೆಗೆ ಬೀಳುತ್ತದೆ. ಹಿಂದಿನವರು ತಳ್ಳಿದ್ದು ಮುಂದಿನವರ ಬೆನ್ನಿಗೆ ತಾಗುತ್ತದೆ. ಲಕ್ಷ ಜನ ಒಬ್ಬರಿಗೊಬ್ಬರು ತಾಗುವ ಈ ಜಾತ್ರೆಯನ್ನು ಕಟ್ಟಿಕೊಡುವ ಕಂಪ್ಯೂಟರ್ ಇನ್ನೂ ಬಂದಿಲ್ಲ.

ಇನ್ನು ವೇಷದ ಮಾತು. ಆಟದಲ್ಲಿ ನಮ್ಮ ರೂಪಕ್ಕೆ ಇಂಗ್ಲಿಷಿನವರೂ ಅವತಾರ ಅಂತಲೇ ಅನ್ನುತ್ತಾರೆ. 1985ರ 'ಅಲ್ಟಿಮಾ' ಆಟದಲ್ಲಿ, 1986ರ 'ಹ್ಯಾಬಿಟಾಟ್' ಅನ್ನುವ ವರ್ಚುವಲ್ ಊರಿನಲ್ಲಿ ಈ ಪದ ಬಂತು. ಸ್ಟೀಫನ್‌ಸನ್ ಕಾದಂಬರಿಯಿಂದ ಮನೆಮಾತಾಯಿತು. ದೇವರು ಮೇಲಿನಿಂದ ಇಳಿದು ಬರುವುದಕ್ಕೆ ಇದ್ದ ಪದ ಮನುಷ್ಯ ಪರದೆಯೊಳಗೆ ಇಳಿಯುವುದಕ್ಕೆ ಬಂದಿದೆ. ನನಗೆ ಇದರಲ್ಲಿ ಬೇಸರ ಏನೂ ಇಲ್ಲ. ನಾನು ಸಣ್ಣವನಿದ್ದಾಗ ಹಗಲುವೇಷದವರು ಊರಿಗೆ ಬರುತ್ತಿದ್ದರು. ಇವತ್ತು ರಾಮ, ನಾಳೆ ಭೀಮ, ನಾಡಿದ್ದು ಪೊಲೀಸ್. ಕೊನೆಯ ದಿನ ಬಣ್ಣ ತೊಳೆದು ಅದೇ ಮುಖದಲ್ಲಿ ಬಂದು ಜೋಳ ಕೇಳುತ್ತಿದ್ದರು. ಭೀಮನಾಗಿ ಹೆದರಿಸಿದವನು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ವೇಷದ ಹಿಂದಿನ ಮುಖ ಊರಿಗೆ ಗೊತ್ತಿತ್ತು.

ಅಣ್ಣನ ಮಗನಿಗೆ ಡೈಮಂಡ್ ಆಸೆ ತೋರಿಸಿದವನ ಮುಖ ಯಾರಿಗೆ ಗೊತ್ತು? 1981ರಲ್ಲೇ ವರ್ನರ್ ವಿಂಜ್ ಅನ್ನುವ ಲೇಖಕರು 'ಟ್ರೂ ನೇಮ್ಸ್' ಅನ್ನುವ ಕಥೆಯಲ್ಲಿ ಇದನ್ನು ಬರೆದಿದ್ದರು. ಆ ಕಥೆಯಲ್ಲಿ ಕಂಪ್ಯೂಟರ್ ಲೋಕದಲ್ಲಿ ಓಡಾಡುವವರು ತಮ್ಮ ನಿಜ ಹೆಸರನ್ನು ಜೀವದಂತೆ ಕಾಪಾಡಿಕೊಳ್ಳುತ್ತಾರೆ. ಹೆಸರು ಸಿಕ್ಕಿತೆಂದರೆ ಅವನು ಸಿಕ್ಕಿಬಿದ್ದಂತೆ. ಇವತ್ತು ನಮ್ಮ ನಿಜ ಹೆಸರು ಅಂದರೆ ಮೊಬೈಲ್ ನಂಬರ್, ಪಾಸ್‌ವರ್ಡ್, ಒಟಿಪಿ. ಮಕ್ಕಳಿಗೆ ಬೇರೇನೂ ಕಲಿಸದಿದ್ದರೂ ಈ ಕಥೆಯನ್ನಾದರೂ ಹೇಳಬೇಕು ಅನ್ನಿಸುತ್ತದೆ.

ಈಗ ನೆಲದ ವಿಷಯಕ್ಕೆ ಬರುತ್ತೇನೆ. ನನಗೆ ಮುಖ್ಯ ಅನ್ನಿಸುವುದು ಇದೇ.

ಸ್ಟೀಫನ್‌ಸನ್ ಕಾದಂಬರಿಯಲ್ಲಿ ಆ ಬೀದಿ ಯಾವುದೋ ಒಬ್ಬ ಸಾಹುಕಾರನದಲ್ಲ. ಕಂಪ್ಯೂಟರ್ ತಜ್ಞರ ಸಂಘದ ಒಂದು ಮಂಡಳಿ ಅದರ ನಿಯಮ ಮಾಡುತ್ತದೆ. ಕಟ್ಟಡ ಕಟ್ಟಬೇಕಾದವರು ಆ ಮಂಡಳಿಯಿಂದ ಜಾಗ ಕೊಳ್ಳಬೇಕು, ಪರವಾನಗಿ ತೆಗೆಸಬೇಕು. ಲಂಚವೂ ಇದೆ ಅಂತ ಲೇಖಕರು ಬರೆಯುತ್ತಾರೆ. ಆದರೆ ನಿಯಮ ಎಲ್ಲರಿಗೂ ಒಂದೇ. ಕಟ್ಟಿದ ದುಡ್ಡು ಆ ಬೀದಿಯನ್ನು ನಡೆಸುವ ಒಂದು ನಿಧಿಗೆ ಹೋಗುತ್ತದೆ. ಒಂದೇ ರೂಪದಲ್ಲಿ ಎಲ್ಲ ಕಡೆ ಓಡಾಡಬಹುದು. ಕತ್ತಲೆಯ ಕಾಲ ಬರುತ್ತದೆ ಅಂತ ಬರೆದ ಕಾದಂಬರಿಯಲ್ಲೂ ಬೀದಿ ಸಾರ್ವಜನಿಕವಾಗಿತ್ತು. ನಮಗೆ ಅಷ್ಟೂ ಸಿಕ್ಕಿಲ್ಲ. ಇಲ್ಲಿ ಒಂದೊಂದು ಲೋಕಕ್ಕೂ ಒಬ್ಬೊಬ್ಬ ಒಡೆಯ. ಒಂದು ಆಟದ ಜಾಕೆಟ್ ಇನ್ನೊಂದು ಆಟಕ್ಕೆ ಹೋಗುವುದಿಲ್ಲ. 'ಒಪ್ಪಿದ್ದೇನೆ' ಅಂತ ಒತ್ತುವ ಉದ್ದನೆಯ ಷರತ್ತಿನಲ್ಲಿ ಬರೆದಿರುತ್ತದೆ: ನೀವು ದುಡ್ಡು ಕೊಟ್ಟು ಪಡೆದ ವಸ್ತು ನಿಮ್ಮದಲ್ಲ, ಅದನ್ನು ಬಳಸಲು ನಿಮಗೆ ಅನುಮತಿ ಮಾತ್ರ. ಅದನ್ನು ನಾವು ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು.

ಇದನ್ನು ಓದಿದಾಗ ನನಗೆ ಅಜ್ಜ ನೆನಪಾದರು. 1948ರ ಸೆಪ್ಟೆಂಬರ್ 17ರವರೆಗೆ ಈ ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅಜ್ಜ ಉತ್ತದ್ದು ಜಹಗೀರಿನ ಹೊಲ. ಕಲ್ಲು ಆರಿಸಿದ್ದು, ಬದು ಹಾಕಿದ್ದು, ತೊಗರಿ ಬಿತ್ತಿದ್ದು ಎಲ್ಲ ಅವರೇ. ಆದರೆ ಬಿಡು ಅಂದ ದಿನ ಬಿಡಬೇಕಾಗಿತ್ತು. ಕೇಳಲು ಕಾಗದ ಇರಲಿಲ್ಲ. 1949ರಲ್ಲಿ ಜಹಗೀರು ರದ್ದಾಯಿತು. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ 'ಉಳುವವನೇ ಹೊಲದೊಡೆಯ' ಅನ್ನುವ ಮಾತಿಗೆ ಬಲ ಬಂತು. ನಮ್ಮ ಮನೆಯಲ್ಲಿ ಪಹಣಿಯನ್ನು ದೇವರ ಜಗುಲಿಯ ಮೇಲೆ ಇಟ್ಟು ಪೂಜೆ ಮಾಡಿದ್ದರಂತೆ. ಮೊಮ್ಮಗನ ಮಗ ಇವತ್ತು ಮತ್ತೆ ಜಹಗೀರಿನಲ್ಲಿ ಉಳುತ್ತಿದ್ದಾನೆ.

ಆಟದೊಳಗಿನ ದುಡಿಮೆ ದುಡಿಮೆಯೇ ಅಲ್ಲ ಅನ್ನುವವರು ಇದ್ದಾರೆ. ಎಡ್ವರ್ಡ್ ಕ್ಯಾಸ್ಟ್ರೊನೋವಾ ಅನ್ನುವ ಅರ್ಥಶಾಸ್ತ್ರಜ್ಞ 2001ರಲ್ಲಿ 'ಎವರ್‌ಕ್ವೆಸ್ಟ್' ಆಟದ ಲೋಕದ ಲೆಕ್ಕ ಹಾಕಿದರು. ಆಟಗಾರರು ಅಲ್ಲಿ ಗಳಿಸಿದ ವಸ್ತುಗಳು ಹೊರಗೆ ನಿಜ ಡಾಲರಿಗೆ ಮಾರಾಟವಾಗುತ್ತಿದ್ದವು. ಆ ಬೆಲೆಯಿಂದ ನೋಡಿದರೆ ಆ ಲೋಕದ ತಲಾ ಉತ್ಪನ್ನ ರಷ್ಯಾಕ್ಕೂ ಬಲ್ಗೇರಿಯಾಕ್ಕೂ ನಡುವೆ ನಿಲ್ಲುತ್ತಿತ್ತು. ದುಡಿಮೆ ಇದೆ, ಬೆಲೆ ಇದೆ, ಮಾರುಕಟ್ಟೆ ಇದೆ. ಇಲ್ಲದ್ದು ಹಕ್ಕು ಮಾತ್ರ.

ಹಕ್ಕಿನ ಪ್ರಶ್ನೆ ಎರಡು ಸಲ ಕೋರ್ಟಿಗೆ ಹೋದದ್ದನ್ನು ಇಲ್ಲಿ ಹೇಳಲೇಬೇಕು. ಪೆನ್ಸಿಲ್ವೇನಿಯಾದ ಒಬ್ಬ ವಕೀಲ 'ಸೆಕೆಂಡ್ ಲೈಫ್' ಅನ್ನುವ ವರ್ಚುವಲ್ ಲೋಕದಲ್ಲಿ ಜಮೀನು ಕೊಂಡಿದ್ದ. ಹರಾಜಿನ ದಾರಿ ತಪ್ಪಿಸಿ ಕೊಂಡಿದ್ದೀಯ ಅಂತ ಕಂಪನಿ ಅವನ ಖಾತೆಯನ್ನೇ ಮುಚ್ಚಿತು. ಅವನು ದಾವೆ ಹೂಡಿದ. ತಕರಾರಿದ್ದರೆ ಕೋರ್ಟಿಗೆ ಹೋಗದೆ ಪಂಚಾಯ್ತಿಯಲ್ಲೇ ಬಗೆಹರಿಸಿಕೊಳ್ಳಬೇಕು ಅನ್ನುವ ಕಂಪನಿಯ ಷರತ್ತು ಒಂದೇ ಕಡೆ ವಾಲಿದೆ ಅಂತ 2007ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಆದರೆ ಆಮೇಲೆ ಇಬ್ಬರೂ ರಾಜಿ ಮಾಡಿಕೊಂಡರು. ಜಮೀನು ಯಾರದು ಅನ್ನುವುದಕ್ಕೆ ತೀರ್ಪು ಬರಲೇ ಇಲ್ಲ.

ಇನ್ನೊಂದು ನೆದರ್ಲೆಂಡ್ಸಿನದು. 2007ರಲ್ಲಿ 13 ವರ್ಷದ ಒಬ್ಬ ಹುಡುಗನನ್ನು ಇಬ್ಬರು ಹುಡುಗರು ಹೊಡೆದು, ಚಾಕು ತೋರಿಸಿ, 'ರೂನ್‌ಸ್ಕೇಪ್' ಆಟದಲ್ಲಿ ಅವನಿಗಿದ್ದ ಒಂದು ತಾಯತ ಮತ್ತು ಒಂದು ಮುಖವಾಡವನ್ನು ಕಿತ್ತುಕೊಂಡರು. ಅದು ವಸ್ತುವೇ ಅಲ್ಲ, ಬರೀ ಕಂಪ್ಯೂಟರಿನ ಅಂಕಿ ಅಂತ ಅವರ ಪರ ವಾದ. 2012ರ ಜನವರಿಯಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆ ಹುಡುಗ ಅದಕ್ಕಾಗಿ ಹೊತ್ತು ಕೊಟ್ಟಿದ್ದಾನೆ, ಶ್ರಮ ಹಾಕಿದ್ದಾನೆ, ಅದು ಅವನ ಕೈಯಲ್ಲಿತ್ತು, ಈಗ ಇಲ್ಲ. ಆದ್ದರಿಂದ ಇದು ಕಳವು ಅಂದಿತು. ಈ ತೀರ್ಪು ಓದಿದ ದಿನ ನನಗೆ ನಿಜಕ್ಕೂ ಸಮಾಧಾನವಾಯಿತು. ಹೊತ್ತು ಮತ್ತು ಶ್ರಮ. ಅಜ್ಜ ಕೇಳಿದ್ದೂ ಇದನ್ನೇ ಅಲ್ವಾ?

ಕಳ್ಳನಿಲ್ಲದೆಯೂ ಲೋಕಗಳು ಹೋಗುತ್ತವೆ. ಗೂಗಲ್ 2008ರ ಜುಲೈನಲ್ಲಿ 'ಲೈವ್ಲಿ' ಅನ್ನುವ ಲೋಕ ತೆರೆದು ಅದೇ ಡಿಸೆಂಬರಿನಲ್ಲಿ ಮುಚ್ಚಿತು. ಮಕ್ಕಳ ಮೆಚ್ಚಿನ 'ಕ್ಲಬ್ ಪೆಂಗ್ವಿನ್' 2017ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳಿಗೆ ನಿಷೇಧ ಬಂತು. ನಿಷೇಧ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಆದರೆ ಆ ಯಾದಗಿರಿ ಹುಡುಗರಂಥವರ ಅಗಸಿ ಕಟ್ಟೆ ನಿಂತಿದ್ದ ನೆಲ ಎಷ್ಟು ತೆಳುವಾಗಿತ್ತು ಅಂತ ಆವಾಗ ಗೊತ್ತಾಯಿತು. 2022ರ ಫೆಬ್ರುವರಿಯಲ್ಲಿ ತಮಿಳುನಾಡಿನ ಒಂದು ಜೋಡಿ ಮದುವೆಯ ಆರತಕ್ಷತೆಯನ್ನು ಮೆಟಾವರ್ಸಿನಲ್ಲಿ ಮಾಡಿಕೊಂಡಿತು. ತೀರಿಹೋದ ವಧುವಿನ ತಂದೆಯ ರೂಪವನ್ನು ಅಲ್ಲಿ ಮಾಡಿ ನಿಲ್ಲಿಸಿದ್ದರು. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ಹಿಂದೆಯೇ ಒಂದು ಯೋಚನೆ ಬಂತು. ಇಂಥ ಲೋಕವೊಂದು ಮುಚ್ಚಿದರೆ ಅದರೊಳಗಿನ ಅಪ್ಪ ಎಲ್ಲಿಗೆ ಹೋಗುತ್ತಾನೆ?

ನಮ್ಮ ಕಾನೂನು ಈ ಕಡೆ ಇನ್ನೂ ಪೂರ್ತಿ ತಿರುಗಿಲ್ಲ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗುರಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಅದು ಬೇಕಾಗಿತ್ತು, ಎಷ್ಟೋ ಮನೆಗಳು ಹಾಳಾಗಿದ್ದವು. 2023ರ ಡಿಜಿಟಲ್ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಅದೇ ವರ್ಷ ಗ್ರಾಹಕರನ್ನು ಮರುಳು ಮಾಡುವ ಪರದೆಯ ತಂತ್ರಗಳನ್ನು ತಡೆಯಲು ಮಾರ್ಗಸೂಚಿಯೂ ಬಂತು. ಸೈಬರ್ ಮೋಸದಲ್ಲಿ ದುಡ್ಡು ಹೋದರೆ 1930ಕ್ಕೆ, ಕೊಂಡದ್ದರಲ್ಲಿ ಅನ್ಯಾಯವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇವೆಲ್ಲ ದುಡ್ಡನ್ನು, ಮಾಹಿತಿಯನ್ನು ಕಾಯುತ್ತವೆ. ಹೊತ್ತು ಮತ್ತು ಶ್ರಮಕ್ಕೆ ಒಂದು ಪಹಣಿ ಇನ್ನೂ ಬರಬೇಕಾಗಿದೆ. ಕನಿಷ್ಠ ಮೂರು ಮಾತು ಕೇಳಬಹುದು ಅನ್ನಿಸುತ್ತದೆ. ಖಾತೆ ಮುಚ್ಚುವ ಮೊದಲು ಕಾರಣ ಹೇಳಲಿ, ಮನುಷ್ಯರೊಬ್ಬರು ಕನ್ನಡದಲ್ಲಿ ಅಹವಾಲು ಕೇಳಲಿ. ಲೋಕ ಮುಚ್ಚುವುದಿದ್ದರೆ ಮುಂಚೆ ತಿಳಿಸಿ, ಮಕ್ಕಳು ಕಟ್ಟಿದ್ದನ್ನು ಮನೆಗೆ ಒಯ್ಯಲು ಬಿಡಲಿ. ಕೊಂಡ ವಸ್ತುವಿಗೆ 'ಖರೀದಿ' ಅಂತ ಬರೆದು ಷರತ್ತಿನಲ್ಲಿ 'ಬಾಡಿಗೆ' ಅನ್ನುವುದು ನಿಲ್ಲಲಿ.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಡೆಯನಿಲ್ಲದ ಲೋಕಗಳೂ ಇವೆ. ಲುವಾಂಟಿ ಅನ್ನುವುದು ಅಂಥದ್ದೊಂದು. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಊರು ಕಟ್ಟುವ ಆಟ. ಪುಕ್ಕಟೆ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಶಾಲೆಯ ಲ್ಯಾಬಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು, ಇಂಟರ್ನೆಟ್ ಇಲ್ಲದೆಯೂ ಮಕ್ಕಳು ಒಂದೇ ಲೋಕದಲ್ಲಿ ಸೇರಬಹುದು. ಟವರ್ ಬೇಡ, ಡೈಮಂಡ್ ಬೇಡ. ಕಟ್ಟಿದ್ದು ನಮ್ಮ ಕಂಪ್ಯೂಟರಿನಲ್ಲೇ ಒಂದು ಫೋಲ್ಡರಾಗಿ ಉಳಿಯುತ್ತದೆ.

ದಸರಾ ರಜೆಯಲ್ಲಿ ಅಣ್ಣನ ಮಗನನ್ನೂ ಅವನ ಇಬ್ಬರು ಗೆಳೆಯರನ್ನೂ ರೈಲಿನಲ್ಲಿ ಬೀದರಿಗೆ ಕರೆದುಕೊಂಡು ಹೋದೆ. ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ಬಹಳ ಹೊತ್ತು ನಿಂತೆವು. ಎದುರಿಗೆ ಎರಡು ಮಿನಾರುಗಳಿದ್ದವು. ಈಗ ಉಳಿದದ್ದು ಒಂದು, ಸುಮಾರು 130 ಅಡಿ ಎತ್ತರ. ಇನ್ನೊಂದು 17ನೇ ಶತಮಾನದ ಕೊನೆಗೆ ನಡೆದ ಸ್ಫೋಟದಲ್ಲಿ ಹೋಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಹುಡುಗರು ಫೋಟೋ ಹಿಡಿದರು, ಹೆಜ್ಜೆ ಹಾಕಿ ಅಳತೆ ಮಾಡಿದರು.

ಊರಿಗೆ ಬಂದ ಮೇಲೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಲುವಾಂಟಿ ಹಾಕಿಕೊಟ್ಟೆ. ಒಂದು ಇಟ್ಟಿಗೆ ಅಂದರೆ ಒಂದು ಮೀಟರ್ ಅಂತ ಲೆಕ್ಕ ಹಿಡಿದರು. 40 ಇಟ್ಟಿಗೆ ಎತ್ತರ. ದೀಪಾವಳಿ ಹೊತ್ತಿಗೆ ಎರಡೂ ಮಿನಾರುಗಳು ಎದ್ದು ನಿಂತವು. ಬಿದ್ದುಹೋದ ಮಿನಾರಿಗೆ ಯಾವ ಬಣ್ಣ ಅಂತ ಮೂವರೂ ಒಂದು ವಾರ ಜಗಳವಾಡಿದರು. ಕೊನೆಗೆ ನೀಲಿ ಗೆದ್ದಿತು.

"ಕಾಕಾ, ಇದು ಹೋಗಂಗಿಲ್ಲ ಅಲ್ಲ?" ಅಂತ ಕೇಳಿದ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕುವುದನ್ನು ತೋರಿಸಿಕೊಟ್ಟೆ. ಅದು ಈಗ ಅವನ ಕಂಪಾಸ್ ಬಾಕ್ಸಿನಲ್ಲಿದೆ. ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿ, ಪೆನ್ನಿನಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾನೆ.